ಊರೊಗ್ಗಟ್ಟು ಮತ್ತು ಓಟು



ಇಂದು ನಾವು ಆಡಬೇಕೆಂದಿರುವ ಮಾತು ಮಠದ ಸಭೆಗಿಂತ ಅರಳಿಕಟ್ಟೆಗೆ ಸೇರಿದ್ದು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಚುನಾವಣೆಯ ಸುದ್ದಿ ಕಾವಿ ತೊಟ್ಟವರಿಗೆ ಏಕೆ ಬೇಕು ಎಂದು ಕೇಳುವವರೂ ಇದ್ದಾರೆ. ಕೇಳುವುದು ಸರಿಯೇ ಆಗಿದೆ. ಯಾರಿಗೆ ಓಟು ಹಾಕಬೇಕೆಂಬುದನ್ನು ನಾವು ಹೇಳಲು ಬಂದಿಲ್ಲ, ಮುಂದೆಯೂ ಹೇಳುವುದಿಲ್ಲ. ಆದರೆ ಸಣ್ಣ ಊರಿನಲ್ಲಿ ಓಟು ಹೇಗೆ ಬೀಳುತ್ತದೆ, ಹೇಗೆ ಬೀಳದೆ ಉಳಿಯುತ್ತದೆ, ಆಮೇಲೆ ಮನೆಮನೆಗಳ ನಡುವೆ ಏನಾಗುತ್ತದೆ ಎಂಬುದು ದಿನವೂ ನಮ್ಮ ಕಿವಿಗೆ ಬೀಳುವ ಸಂಗತಿ. ಜಗಳವಾದ ಮೇಲೆ ರಾಜಿ ಮಾಡಿಸಲು ನಮ್ಮ ಬಳಿಗೆ ಬರುವವರು, ಜಗಳದ ಮೂಲದ ಬಗ್ಗೆ ನಾವು ನಾಲ್ಕು ಮಾತು ಆಡಿದರೆ ಬೇಸರಪಡಬಾರದು.

ಜಾತ್ರೆಯ ತೇರನ್ನು ನೆನೆಯಿರಿ. ಪಟ್ಟಣದ ತೇರಿನಲ್ಲಿ ಯಾರು ಹಗ್ಗ ಹಿಡಿದರು, ಯಾರು ದೂರ ನಿಂತು ಬಾಳೆಹಣ್ಣು ಎಸೆದು ಹೋದರು ಎಂದು ಯಾರೂ ಲೆಕ್ಕ ಇಡುವುದಿಲ್ಲ. ನೂರು ಮನೆಯ ಹಳ್ಳಿಯಲ್ಲಿ ಹಾಗಲ್ಲ. ಹಗ್ಗಕ್ಕೆ ಕೈ ಹಚ್ಚದವನ ಹೆಸರು ಸಂಜೆಯೊಳಗೆ ಎಲ್ಲರ ಬಾಯಲ್ಲಿರುತ್ತದೆ. ಆ ನಾಚಿಕೆಗಾದರೂ ಹೋಗಿ ಹಿಡಿಯುತ್ತಾನೆ. ಓಟಿನ ದಿನವೂ ಇದೇ ಆಗುತ್ತದೆ. 2024ರ ಏಪ್ರಿಲ್ 26ರಂದು ನಮ್ಮ ರಾಜ್ಯದ ಹದಿನಾಲ್ಕು ಕ್ಷೇತ್ರಗಳಲ್ಲಿ ಲೋಕಸಭೆಗೆ ಮತದಾನವಾಯಿತು. ಅದೇ ದಿನ, ಅದೇ ಬಿಸಿಲಿನಲ್ಲಿ, ಮಂಡ್ಯದಲ್ಲಿ ನೂರಕ್ಕೆ 81ಕ್ಕೂ ಹೆಚ್ಚು ಜನ ಮತ ಹಾಕಿದರು. ಬೆಂಗಳೂರು ದಕ್ಷಿಣದಲ್ಲಿ 53ರ ಆಸುಪಾಸು. ಓದು ಬರಹ, ಕಾರು, ಪತ್ರಿಕೆ, ಎಲ್ಲವೂ ಇದ್ದ ಕಡೆ ಅರ್ಧದಷ್ಟು ಜನ ಮನೆಯಲ್ಲಿಯೇ ಉಳಿದರು. ಗದ್ದೆಯ ಕೆಲಸ ಬಿಟ್ಟು ಬರಬೇಕಾದವರು ಬಂದರು. ಹಳ್ಳಿಯವರಿಗೆ ಹೆಚ್ಚು ರಾಜಕೀಯ ಪ್ರಜ್ಞೆಯಿದೆ ಎಂದು ಇದರಿಂದ ಹೇಳಬೇಕಾಗಿಲ್ಲ. ಪಕ್ಕದ ಮನೆಯವಳು ಶಾಯಿ ಹಚ್ಚಿದ ಬೆರಳು ತೋರಿಸಿ, "ನೀನಿನ್ನೂ ಹೋಗಿಲ್ಲವೇನೆ?" ಎಂದು ಕೇಳುತ್ತಾಳೆ. ಅಪಾರ್ಟ್‌ಮೆಂಟಿನಲ್ಲಿ ಕೇಳುವವರಿಲ್ಲ. (ಆ ಶಾಯಿಯೂ ನಮ್ಮದೇ. ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ 1962ರಿಂದ ತಯಾರಾಗಿ ಇಡೀ ದೇಶಕ್ಕೆ ಹೋಗುತ್ತಿದೆ.)

ಒಂದು ಓಟಿನಿಂದ ಏನಾದೀತು ಎನ್ನುವವರಿಗೆ ದೂರದ ದೃಷ್ಟಾಂತ ಬೇಡ. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರವನ್ನು ಹಿರಿಯರು ಮರೆತಿರಲಾರಿರಿ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಶ್ರೀ ಧ್ರುವನಾರಾಯಣ ಅವರಿಗೆ ಬಂದ ಮತಗಳು 40,752, ಶ್ರೀ ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಎಂಬತ್ತು ಸಾವಿರಕ್ಕೂ ಮೇಲೆ ಜನ ಸರತಿಯಲ್ಲಿ ನಿಂತು ಕೊನೆಗೆ ಒಂದೇ ಒಂದು ಓಟು ತೀರ್ಮಾನ ಮಾಡಿತು. ಸೋತವರ ಕಾರು ಚಾಲಕನೇ ಅಂದು ಓಟು ಹಾಕಲು ಬಿಡುವಿಲ್ಲದೆ ಉಳಿದನೆಂದು ಜನ ಈಗಲೂ ಹೇಳುತ್ತಾರೆ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ 16. ಇನ್ನು ಗ್ರಾಮ ಪಂಚಾಯಿತಿಯಲ್ಲಿ ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯ. ಅಲ್ಲಿ ಒಂದು ತುಂಬು ಸಂಸಾರ ಮದುವೆಗೆಂದು ಬಸ್ಸು ಹತ್ತಿದರೆ ಫಲಿತಾಂಶವೇ ಬದಲಾಗುತ್ತದೆ. ಈ ಭಾಗವನ್ನು ನಾವು ಹೆಚ್ಚು ಹಿಗ್ಗಿಸುವುದಿಲ್ಲ. ನಿಮ್ಮಲ್ಲಿ ಬಹುಮಂದಿ ಓಟು ಹಾಕುವವರೇ.

ನಾವು ಹೇಳಬೇಕಾದುದು ಬೇರೆ. ತೇರಿಗೂ ಓಟಿಗೂ ಒಂದು ದೊಡ್ಡ ಭೇದವಿದೆ. ತೇರಿನ ಹಗ್ಗ ಹಿಡಿದವರೆಲ್ಲ ಒಂದೇ ಕಡೆಗೆ ಎಳೆಯಬೇಕು; ಒಬ್ಬೊಬ್ಬರು ಒಂದೊಂದು ಕಡೆ ಎಳೆದರೆ ಗಾಲಿ ಮುರಿಯುತ್ತದೆ. ಓಟಿನಲ್ಲಿ ಒಬ್ಬೊಬ್ಬರೂ ತಮಗೆ ತೋರಿದ ಕಡೆಗೇ ಎಳೆಯಬೇಕು, ಅದಕ್ಕಾಗಿಯೇ ಆ ಮರೆಯನ್ನು ಕಟ್ಟಿ ಒಬ್ಬರನ್ನೇ ಒಳಗೆ ಬಿಡುತ್ತಾರೆ. ನಮ್ಮ ಹಳ್ಳಿಗಳು ಮಾಡುವ ತಪ್ಪು ಇದೇ. ತೇರಿನ ನಿಯಮವನ್ನು ತಂದು ಓಟಿಗೆ ಹಚ್ಚುತ್ತಾರೆ. "ನಮ್ಮೂರು ಒಗ್ಗಟ್ಟಿನ ಊರು, ಒಂದು ಓಟೂ ಆಚೆ ಹೋಗುವುದಿಲ್ಲ" ಎಂದು ಮುಖಂಡನಾದವನು ಹೊರಗಿನವರ ಮುಂದೆ ಎದೆ ತಟ್ಟಿಕೊಳ್ಳುತ್ತಾನೆ. ಆ ಎದೆ ಅವನದು, ಓಟು ನಿಮ್ಮದು.

"ವೋಟ್ ಬ್ಯಾಂಕ್" ಎಂಬ ಮಾತನ್ನು ಈಗ ದೇಶದ ತುಂಬ ಆಡುತ್ತಾರೆ. ಆ ಮಾತು ಹುಟ್ಟಿದ್ದು ಎಲ್ಲಿ ಗೊತ್ತೆ? ನಮ್ಮ ಮೈಸೂರು ಸೀಮೆಯ ಒಂದು ಹಳ್ಳಿಯ ಅಧ್ಯಯನದಲ್ಲಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಒಂದು ಹಳ್ಳಿಯಲ್ಲಿ ನೆಲೆಸಿ, ಅದಕ್ಕೆ ರಾಂಪುರವೆಂದು ಹೆಸರಿಟ್ಟು ಬರೆದರು. ಆ ಬರಹಗಳಲ್ಲಿ 1955ರಲ್ಲಿ ಬಂದ ಮಾತು ಇದು. ಅವರ ಅರ್ಥ ಸರಳವಾಗಿತ್ತು. ಊರಿನಲ್ಲಿ ಜಮೀನು ಇದ್ದವನ ಕೈಕೆಳಗೆ ಗೇಣಿದಾರರು, ಆಳುಗಳು, ಸಾಲಗಾರರು ಇರುತ್ತಾರೆ. ಅವರ ಓಟುಗಳನ್ನೆಲ್ಲ ಅವನು ಒಟ್ಟಿಗೆ ಎತ್ತಿ ಕೊಡಬಲ್ಲ, ಬ್ಯಾಂಕಿನಲ್ಲಿ ಇಟ್ಟ ಹಣದ ಹಾಗೆ. ಇಂದು ಗೇಣಿ ಹೋಗಿದೆ. ಆದರೆ ಸಹಕಾರ ಸಂಘದ ಸಾಲ, ಮನೆಯ ಮಂಜೂರಾತಿ, ಪಿಂಚಣಿಯ ಅರ್ಜಿ, ಕೊಳವೆ ಬಾವಿಯ ಫಲಾನುಭವಿಗಳ ಪಟ್ಟಿ, ಇವು ಬಂದಿವೆ. ಪಟ್ಟಿಯನ್ನು ಕೈಯಲ್ಲಿ ಹಿಡಿದವನು ಹಳೆಯ ಜಮೀನುದಾರನ ಪೀಠದಲ್ಲಿ ಕುಳಿತಿದ್ದಾನೆ.

ಊರಿನ ಒಲವು ಹೇಗೆ ಹುಟ್ಟುತ್ತದೆಂಬುದನ್ನೂ ನೋಡಿರಿ. ಪಕ್ಷದ ಪ್ರಣಾಳಿಕೆಯನ್ನು ಓದಿ ಪಕ್ಷ ಹಿಡಿದವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ? ಕಾಲುವೆಯ ನೀರಿನ ಸರದಿಗಾಗಿ ಎರಡು ಮನೆತನಗಳು ಜಗಳವಾಡುತ್ತವೆ. ಒಂದು ಮನೆತನ ಒಂದು ಪಕ್ಷಕ್ಕೆ ಹೋದ ಮೇಲೆ ಇನ್ನೊಂದಕ್ಕೆ ಬೇರೆ ದಾರಿಯೇ ಉಳಿಯುವುದಿಲ್ಲ, ಎದುರು ಪಕ್ಷಕ್ಕೆ ಹೋಗುತ್ತದೆ. ಅದಕ್ಕೇ ನಮ್ಮ ಕಡೆ "ಪಾರ್ಟಿ" ಎಂದರೆ ರಾಜಕೀಯ ಪಕ್ಷವೂ ಹೌದು, ಊರೊಳಗಿನ ದ್ವೇಷವೂ ಹೌದು. ಪಕ್ಷಗಳ ನಾಯಕರು ಮೇಲೆ ಕೈ ಕುಲುಕಿ ಮೈತ್ರಿ ಮಾಡಿಕೊಂಡಾಗಲೂ ಇಲ್ಲಿ ಕೆಳಗೆ ಅಣ್ಣ ತಮ್ಮಂದಿರು ಒಬ್ಬರ ಮನೆಯ ಸಾವಿಗೆ ಒಬ್ಬರು ಹೋಗುವುದಿಲ್ಲ. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರಬಾರದೆಂದು ಕಾನೂನು ಮಾಡಿದ್ದಾರೆ. ಚಿಹ್ನೆ ಹೋಯಿತು, ಪಾರ್ಟಿ ಉಳಿಯಿತು.

ಈಗ ಒಂದು ಸೂಕ್ಷ್ಮಕ್ಕೆ ಬರೋಣ. ಗಮನವಿಟ್ಟು ಕೇಳಿರಿ. ನೀವು ಒತ್ತಿದ ಗುಂಡಿ ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ. ಯಾರಿಗೆ ಓಟು ಹಾಕಿದೆ ಎಂದು ಹೇಳುವಂತೆ ನ್ಯಾಯಾಲಯದಲ್ಲಿಯೂ ನಿಮ್ಮನ್ನು ಒತ್ತಾಯಿಸುವಂತಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯಿದೆಯ 94ನೇ ಕಲಮು ಹಾಗೆ ಹೇಳುತ್ತದೆ. ಇದು ನಿಜ. ಆದರೆ ಒಬ್ಬರ ಓಟು ಗುಟ್ಟಾಗಿದ್ದರೂ ಮತಗಟ್ಟೆಯ ಓಟು ಗುಟ್ಟಾಗಿಲ್ಲ. ಕಾಗದದ ಚೀಟಿಯಿದ್ದಾಗ ಬೇರೆ ಬೇರೆ ಪೆಟ್ಟಿಗೆಯ ಚೀಟಿಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. 2004ರಿಂದ ಲೋಕಸಭೆಗೆ ದೇಶದ ಎಲ್ಲ ಕ್ಷೇತ್ರಗಳಲ್ಲಿಯೂ ಯಂತ್ರ ಬಂದಿತು. ಪ್ರತಿ ಯಂತ್ರವೂ ತನ್ನ ಲೆಕ್ಕವನ್ನು ತಾನೇ ಹೇಳುತ್ತದೆ, ಮತಗಟ್ಟೆವಾರು ಲೆಕ್ಕ ಪ್ರಕಟವಾಗುತ್ತದೆ. ಐದಾರು ಲಕ್ಷದ ನಗರದಲ್ಲಿ ಇದರಿಂದ ತೊಂದರೆಯಿಲ್ಲ. ಮುನ್ನೂರು ಓಟಿನ ಹಾಡಿಯಲ್ಲಿ, ಕೊಪ್ಪಲಿನಲ್ಲಿ ಏನಾಗುತ್ತದೆ? ಇನ್ನೂರ ಎಂಬತ್ತು ಓಟು ಒಂದು ಕಡೆ ಬಿದ್ದು ಇಪ್ಪತ್ತು ಇನ್ನೊಂದು ಕಡೆ ಬಿದ್ದವೆನ್ನಿರಿ. ಎಣಿಕೆ ಮುಗಿದ ಸಂಜೆಯೇ ಅರಳಿಕಟ್ಟೆಯಲ್ಲಿ ವಿಚಾರಣೆ ಶುರು: "ಆ ಇಪ್ಪತ್ತು ಯಾರವು?" ಬೆರಳು ಹೆಚ್ಚಾಗಿ ಹೋಗುವುದು ಯಾರ ಕಡೆಗೆ? ಕೇರಿಯ ಕಡೆಗೆ, ಕೂಲಿ ಮಾಡುವವರ ಕಡೆಗೆ, ಗಂಡನ ಮಾತು ಮೀರುವಳೆಂಬ ಹೆಸರಿರುವ ಹೆಂಗಸಿನ ಕಡೆಗೆ. ಅವರು ಹಾಕಿದ್ದರೂ ಸರಿ, ಹಾಕದಿದ್ದರೂ ಸರಿ. ನಲ್ಲಿಯ ನೀರು ಬರುವುದು ತಡವಾಗುತ್ತದೆ, ಕೂಲಿಗೆ ಕರೆಯುವವರು ಕಡಿಮೆಯಾಗುತ್ತಾರೆ.

ಗುಜರಾತಿನ ಗಿರ್ ಕಾಡಿನ ಬನೇಜ್ ಎಂಬಲ್ಲಿ ಒಬ್ಬರೇ ಒಬ್ಬ ಮಹಂತರಿಗಾಗಿ ಮತಗಟ್ಟೆ ಹಾಕುತ್ತಾರೆ, ಸಿಬ್ಬಂದಿ ಕಾಡು ಹೊಕ್ಕು ಹೋಗುತ್ತಾರೆ. ಪ್ರಜಾಪ್ರಭುತ್ವದ ದೊಡ್ಡತನವೆಂದು ಪತ್ರಿಕೆಗಳು ಹೊಗಳುತ್ತವೆ. ನಾವೂ ಹೊಗಳುತ್ತೇವೆ. ಆದರೆ ಒಬ್ಬರೇ ಮತದಾರರಿರುವ ಮತಗಟ್ಟೆಯಲ್ಲಿ ಗುಟ್ಟು ಎಲ್ಲಿ ಉಳಿಯಿತು ಎಂದು ಯೋಚಿಸಿ ನಗು ಬರುತ್ತದೆ.

ಇದಕ್ಕೆ ಪರಿಹಾರ ತಿಳಿಯದ್ದಲ್ಲ. ಹಲವು ಮತಗಟ್ಟೆಗಳ ಯಂತ್ರಗಳನ್ನು ಜೋಡಿಸಿ ಒಟ್ಟು ಲೆಕ್ಕವನ್ನು ಮಾತ್ರ ತೋರಿಸುವ ಸಲಕರಣೆಯೊಂದಿದೆ, ಟೋಟಲೈಸರ್ ಎನ್ನುತ್ತಾರೆ. ಚುನಾವಣಾ ಆಯೋಗವು 2008ರಲ್ಲಿಯೇ ಅದನ್ನು ಕೇಳಿತು. ಕಾನೂನು ಆಯೋಗವು 2015ರ ಮಾರ್ಚಿನಲ್ಲಿ ಕೊಟ್ಟ ತನ್ನ 255ನೇ ವರದಿಯಲ್ಲಿ ಆಗಲಿ ಎಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಯಾವ ಊರು ತಮ್ಮ ಕಡೆ, ಯಾವ ಊರು ಅಲ್ಲ ಎಂದು ತಿಳಿಯುವುದು ಗೆದ್ದವರಿಗೂ ಬೇಕು, ಸೋತವರಿಗೂ ಬೇಕು ಎಂದು ನಮಗೆ ತೋರುತ್ತದೆ. ಕಾನೂನು ಎಂದು ಬರುತ್ತದೋ ಬರಲಿ. ಅಲ್ಲಿಯವರೆಗೆ ಆ ಮರೆಯನ್ನು ಊರಿನವರೇ ಕಟ್ಟಿಕೊಳ್ಳಬೇಕು. "ಆ ಇಪ್ಪತ್ತು ಯಾರವು?" ಎಂದು ಕೇಳಿದವನಿಗೆ ಹಿರಿಯರಾದವರು, "ಒಂದು ನನ್ನದೇ ಇರಬಹುದಪ್ಪ, ಹುಡುಕಬೇಡ" ಎಂದು ಹೇಳಿಬಿಟ್ಟರೆ ಸಾಕು, ವಿಚಾರಣೆ ಅಲ್ಲಿಗೆ ನಿಲ್ಲುತ್ತದೆ. ಸುಳ್ಳಾಗುವುದಿಲ್ಲವೆ ಎಂದು ಕೇಳಬೇಡಿರಿ. "ಇರಬಹುದು" ಎಂಬುದು ಸುಳ್ಳಲ್ಲ.

ಒಲವನ್ನು ಹೇರುವುದು ಒಂದು ಬಗೆ. ಓಟನ್ನೇ ತಡೆಯುವುದು ಇನ್ನೊಂದು ಬಗೆ. ಅದೇ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗೆ ಇಂಡಿಗನತ್ತ ಎಂಬ ಊರಿದೆ, ಅದರ ಪಕ್ಕದಲ್ಲಿ ಮೆಂದಾರೆ ಎಂಬ ಸೋಲಿಗರ ನೆಲೆ. ರಸ್ತೆಯಿಲ್ಲ, ನೀರಿಲ್ಲ, ಕಾಯಿಲೆಯಾದವರನ್ನು ಹೊತ್ತು ತರಬೇಕು ಎಂಬ ದೂರು ಆ ಕಾಡಿನ ಊರುಗಳದು ಬಹುಕಾಲದ್ದು. ಆ ದೂರು ಸುಳ್ಳಲ್ಲ. 2024ರ ಏಪ್ರಿಲ್ 26ರಂದು ಮತದಾನ ಬಹಿಷ್ಕಾರವೆಂದು ತೀರ್ಮಾನಿಸಿದರು. ಓಟು ಹಾಕಬೇಕೆನ್ನುವವರೂ ಇದ್ದರು. ಮಾತಿಗೆ ಮಾತು ಬೆಳೆದು ಕಲ್ಲು ಬಿದ್ದವು, ಮತಗಟ್ಟೆ ಧ್ವಂಸವಾಯಿತು, ಯಂತ್ರ ಪುಡಿಯಾಯಿತು, ಅಧಿಕಾರಿಗಳಿಗೂ ಜನರಿಗೂ ಗಾಯಗಳಾದವು. ಮೂರು ದಿನ ಬಿಟ್ಟು 29ರಂದು ಮರುಮತದಾನ ಮಾಡಿಸಿದರು. ಐನೂರ ಇಪ್ಪತ್ತೆಂಟು ಮತದಾರರಲ್ಲಿ ಬಂದವರು ಎಪ್ಪತ್ತೊಂದು ಮಂದಿಯೆಂದು ಪತ್ರಿಕೆಗಳಲ್ಲಿ ಬಂದಿತು. ಮೊಕದ್ದಮೆಗಳಿಗೆ ಹೆದರಿ ಊರಿನ ಗಂಡಸರು ಕಾಡು ಸೇರಿದ್ದರೆಂದೂ ಬರೆದಿದ್ದರು.

ಅವರನ್ನು ಹಳಿಯಲು ನಾವು ಈ ಕಥೆ ಹೇಳುತ್ತಿಲ್ಲ. ದಶಕಗಳ ಕಾಲ ಕೇಳಿಸಿಕೊಳ್ಳದೆ ಇದ್ದುದಕ್ಕೆ ಜನ ರೊಚ್ಚಿಗೆದ್ದರೆ, ಕೇಳಿಸಿಕೊಳ್ಳಬೇಕಾದವರೂ ಹೊಣೆಗಾರರು. ಆದರೆ ನೀವು ತಿಳಿಯಬೇಕಾದ ಕೆಲವು ಸಂಗತಿಗಳುಂಟು. ಅದು ವನ್ಯಧಾಮದ ಕಾಡು. ಅಲ್ಲಿ ರಸ್ತೆ ಮಾಡಲು 1972ರ ವನ್ಯಜೀವಿ ಕಾಯಿದೆ, 1980ರ ಅರಣ್ಯ ಕಾಯಿದೆಗಳ ಅನುಮತಿ ಬೇಕು. ಮತಗಟ್ಟೆಗೆ ಬಂದ ಶಾಲಾ ಮಾಸ್ತರನ ಕೈಯಲ್ಲಿ ಅದಿಲ್ಲ. ಇನ್ನು ನಮ್ಮ ಕಾನೂನಿನಲ್ಲಿ ಇಷ್ಟು ಜನ ಓಟು ಹಾಕಿದರೆ ಮಾತ್ರ ಚುನಾವಣೆ ಸಿಂಧು ಎಂಬ ಲೆಕ್ಕವೇ ಇಲ್ಲ. ಇಡೀ ಊರು ಮನೆಯಲ್ಲಿ ಕುಳಿತರೂ ಒಬ್ಬರು ಗೆಲ್ಲುತ್ತಾರೆ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಬಂದ ನೋಟಾ ಗುಂಡಿಯೂ ಹಾಗೆಯೇ. ನೋಟಾಕ್ಕೆ ಹೆಚ್ಚು ಬಂದರೂ ಅದರ ನಂತರ ಹೆಚ್ಚು ಪಡೆದ ಅಭ್ಯರ್ಥಿಯೇ ಗೆದ್ದಂತೆ. ಆದರೂ ನೋಟಾ ಒತ್ತಿದವರ ಸಂಖ್ಯೆ ಲೆಕ್ಕದಲ್ಲಿ ಉಳಿಯುತ್ತದೆ. ಮನೆಯಲ್ಲಿ ಕುಳಿತವನ ಕೋಪ, ಸೋಮಾರಿಯ ನಿದ್ದೆ, ಎರಡೂ ಒಂದೇ ಸಾಲಿನಲ್ಲಿ ಸೇರಿಹೋಗುತ್ತವೆ.

ಬಹಿಷ್ಕಾರದ ಬೆದರಿಕೆಗೆ ಬೆಲೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಚುನಾವಣೆಗೆ ಹದಿನೈದು ದಿನ ಮೊದಲು ಬೋರ್ಡು ಬರೆದು ಕಟ್ಟಿದರೆ ತಹಶೀಲ್ದಾರರು ಜೀಪಿನಲ್ಲಿ ಬರುತ್ತಾರೆ, ಐದು ವರ್ಷ ಬಾರದವರು. ಮಾತನಾಡಿಸಿರಿ, ಬರೆಸಿಕೊಳ್ಳಿರಿ. ಆದರೆ ಅಂದು ನಿಮ್ಮ ಪಕ್ಕದ ಮನೆಯವನು "ನಾನು ಹಾಕಿ ಬರುತ್ತೇನೆ" ಎಂದು ಹೊರಟರೆ ಅವನ ದಾರಿಗೆ ಅಡ್ಡ ನಿಲ್ಲಬೇಡಿರಿ. ಬಹಿಷ್ಕಾರ ಎಂಬ ಮಾತು ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಬೆಂಕಿ ಕೊಡಬೇಡ, ನೀರು ಕೊಡಬೇಡ, ಮಾತನಾಡಬೇಡ ಎಂದು ಬಡವನ ಮನೆಯ ಮೇಲೆ ಹೇರಿದ ಶಿಕ್ಷೆಗೆ ಆ ಹೆಸರಿತ್ತು. ಸರ್ಕಾರಕ್ಕೆ ಹಾಕಿದ ಬಹಿಷ್ಕಾರ ಸರ್ಕಾರವನ್ನು ಮುಟ್ಟದೆ, ನೆರೆಮನೆಯ ಮೇಲೆ ಬಂದು ಕುಳಿತರೆ ಅದು ಹಳೆಯ ಪಿಡುಗೇ ಹೊಸ ಅಂಗಿ ತೊಟ್ಟು ಬಂದಂತೆ.

ಇನ್ನು ಆಣೆಯ ವಿಷಯ. ಇದನ್ನು ನಾವು ಹೇಳಲೇಬೇಕು. ಒಂದು ಚುನಾವಣೆಯ ಹಿಂದಿನ ದಿನ ವಯಸ್ಸಾದ ತಾಯಿಯೊಬ್ಬಳು ನಮ್ಮ ಬಳಿ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಆಮೇಲೆ ಮೆಲ್ಲಗೆ, "ಬುದ್ಧೀ, ಮಾದಪ್ಪನ ಫೋಟೋ ಮುಟ್ಟಿಸಿ ಆಣೆ ಮಾಡಿಸ್ಕೊಂಡು ದುಡ್ಡು ಕೊಟ್ಟವ್ರೆ. ನನ್ನ ಮನಸ್ಸು ಬ್ಯಾರೆ ಕಡೆ ಅದೆ. ಅಲ್ಲಿಗೆ ಒತ್ತದೆ ಹೋದ್ರೆ ಮಕ್ಕಳುಮರಿಗೆ ಏನಾರ ಆದದಾ ಬುದ್ಧೀ?" ಎಂದಳು. "ಏನೂ ಆಗದು ತಾಯಿ. ದುಡ್ಡು ವಾಪಸು ಕೊಟ್ಟುಬಿಡು" ಎಂದೆವು. "ಖರ್ಚಾಗೋಯ್ತು ಬುದ್ಧೀ, ಮೊಮ್ಮಗನ ಔಸ್ತಿಗೆ" ಎಂದು ತಲೆ ತಗ್ಗಿಸಿದಳು.

ಆ ತಾಯಿಯನ್ನು ಗದರಿಸುವ ಬಾಯಿ ನಮಗೆ ಬರಲಿಲ್ಲ. ಹಣ ಕೊಟ್ಟವನೂ ತೆಗೆದುಕೊಂಡವನೂ ಇಬ್ಬರೂ ಅಪರಾಧಿಗಳೆಂದು ಕಾನೂನು ಹೇಳುತ್ತದೆ. ಹಿಂದೆ ದಂಡಸಂಹಿತೆಯಲ್ಲಿತ್ತು, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮಿನಲ್ಲಿಯೂ ಇದೆ, ಒಂದು ವರ್ಷದವರೆಗೆ ಸೆರೆಮನೆ ವಾಸ ಆಗಬಹುದು. ತೆಗೆದುಕೊಳ್ಳಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಔಷಧಿಯ ಚೀಟಿ ಕೈಯಲ್ಲಿ ಹಿಡಿದವಳ ಮುಂದೆ ನೋಟು ಚಾಚಿದವನ ಪಾಪ ಹೆಚ್ಚಿನದು. ಆ ನೋಟಿಗೆ ದೇವರನ್ನು ಜಾಮೀನು ನಿಲ್ಲಿಸಿದವನ ಪಾಪ ಅದಕ್ಕಿಂತಲೂ ಹೆಚ್ಚಿನದು. ಈ ಸಭೆಯಲ್ಲಿ ಎಲ್ಲರೆದುರು ಹೇಳುತ್ತೇವೆ, ಹೋಗಿ ನಿಮ್ಮ ಮನೆಯ ಮುದುಕಿಯರಿಗೂ ಹೇಳಿರಿ: ಲಂಚಕ್ಕಾಗಿ ಮಾಡಿಸಿದ ಆಣೆ ಆಣೆಯೇ ಅಲ್ಲ. ಅದನ್ನು ಮುರಿದರೆ ದೋಷವಿಲ್ಲ. ಯಾವ ದೇವರೂ ಅದಕ್ಕಾಗಿ ನಿಮ್ಮ ಮಕ್ಕಳ ಮೇಲೆ ಮುನಿಯುವುದಿಲ್ಲ. ದೈವದ ಕೋಪ ತಗಲುತ್ತದೆಂದು ಹೆದರಿಸಿ ಓಟು ಪಡೆಯುವುದನ್ನು 1951ರ ಕಾಯಿದೆಯ 123ನೇ ಕಲಮು ಭ್ರಷ್ಟಾಚರಣೆ ಎಂದು ಕರೆದಿದೆ. ಹಾಗೆ ಗೆದ್ದವನ ಗೆಲುವನ್ನು ನ್ಯಾಯಾಲಯ ರದ್ದು ಮಾಡಬಹುದು.

ಆ ಕಲಮು ನಮ್ಮಂಥವರಿಗೂ ಅನ್ವಯಿಸುತ್ತದೆಂಬುದನ್ನು ಮರೆಮಾಚಬಾರದು. ಚುನಾವಣೆ ಹತ್ತಿರ ಬಂದಾಗ ಎಲ್ಲ ಪಕ್ಷದವರೂ ಮಠಕ್ಕೆ ಬರುತ್ತಾರೆ. ಹಣ್ಣು ಹೂವು ತರುತ್ತಾರೆ, ಬಾಗುತ್ತಾರೆ, ಜೊತೆಯಲ್ಲಿ ಛಾಯಾಗ್ರಾಹಕನೂ ಇರುತ್ತಾನೆ. ಬಂದವರಿಗೆ ಪ್ರಸಾದವುಂಟು, ಪ್ರಸಾದಕ್ಕೆ ಪಕ್ಷವಿಲ್ಲ. ತಲೆ ಬಾಗಿಸಿದವನ ತಲೆಯ ಮೇಲೆ ಕೈ ಇಡುವುದು ನಮ್ಮ ರೂಢಿ. ಮರುದಿನ ಪತ್ರಿಕೆಯಲ್ಲಿ "ಶ್ರೀಗಳ ಆಶೀರ್ವಾದ" ಎಂದು ಅಚ್ಚಾಗುತ್ತದೆ. ನಮ್ಮ ಕೈ ಯಾರ ತಲೆಯ ಮೇಲಿತ್ತೆಂದು ಚಿತ್ರ ನೋಡಿ ನೀವು ನಿಮ್ಮ ಬೆರಳನ್ನು ಒತ್ತಬೇಡಿರಿ. ಜಾತಿಯ, ಮತದ, ಭಾಷೆಯ ಹೆಸರಿನಲ್ಲಿ ಓಟು ಕೇಳಬಾರದೆಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಹೇಳಿತು. ಅಭ್ಯರ್ಥಿಯ ಜಾತಿಯ ಹೆಸರಿನಲ್ಲಿಯಷ್ಟೇ ಅಲ್ಲ, ಕೇಳಿಸಿಕೊಳ್ಳುವ ಮತದಾರನ ಜಾತಿಯ ಹೆಸರಿನಲ್ಲಿಯೂ ಕೂಡದು. ನಾಲ್ವರು ಹಾಗೆಂದರು, ಮೂವರು ಒಪ್ಪಲಿಲ್ಲ. ಅಷ್ಟು ದೊಡ್ಡವರಲ್ಲಿಯೇ ಭಿನ್ನಮತ ಇರಬಹುದಾದರೆ, ಒಂದು ಮನೆಯ ಐದು ಓಟು ಐದು ಕಡೆ ಹೋದರೆ ಊರು ಮುಳುಗುವುದಿಲ್ಲ.

ತಾಯಂದಿರಿಗೆ ಒಂದು ಮಾತು. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಬರೆಯಲು ಹೋದಾಗ ಉತ್ತರದ ಪ್ರಾಂತಗಳಲ್ಲಿ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಹೇಳಿದರು. ಹೆಸರಿಲ್ಲದೆ ಓಟಿಲ್ಲವೆಂದು ಅಂದಿನ ಚುನಾವಣಾ ಆಯುಕ್ತ ಸುಕುಮಾರ ಸೇನರು ಪಟ್ಟು ಹಿಡಿದರು. ಸುಮಾರು 28 ಲಕ್ಷ ಹೆಸರುಗಳು ಪಟ್ಟಿಯಿಂದ ಬಿದ್ದುಹೋದವು. ಕಠಿಣವೆನಿಸುತ್ತದೆ. ಆದರೆ ಮುಂದಿನ ಸಲ ಅವರು ಹೆಸರು ಹೇಳಲು ಕಲಿತರು. 2024ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ ಹೆಂಗಸರ ಮತದಾನದ ಪ್ರಮಾಣ ಗಂಡಸರದಕ್ಕಿಂತ ಕೂದಲೆಳೆಯಷ್ಟು ಹೆಚ್ಚೇ ಇತ್ತು. ಹೆಸರು ನಿಮ್ಮದಾಯಿತು, ಬೆರಳು ನಿಮ್ಮದಾಯಿತು. ಯಜಮಾನರು ದಾರಿಯಲ್ಲಿ "ಇಂಥದಕ್ಕೇ ಒತ್ತು" ಎಂದರೆ "ಆಗಲಿ" ಎನ್ನಿರಿ, ಒಳಗೆ ಹೋದ ಮೇಲೆ ನೀವುಂಟು, ನಿಮ್ಮ ಮನಸ್ಸುಂಟು. ಗಂಡಸರು ನಗುತ್ತಿದ್ದೀರಿ. ನಗಿರಿ. ಮನೆಗೆ ಹೋದ ಮೇಲೆ ಕೇಳಬೇಡಿರಿ.

ಮದುವೆಯಾಗಿ ಬಂದ ಸೊಸೆಯಂದಿರ ಹೆಸರು ತವರಿನ ಪಟ್ಟಿಯಲ್ಲಿಯೇ ಉಳಿದಿರುತ್ತದೆ; ಅದಕ್ಕೆ ನಮೂನೆ 8 ತುಂಬಬೇಕು. ಹದಿನೆಂಟು ತುಂಬಿದವರಿಗೆ ನಮೂನೆ 6. ಮೊದಲಿನಂತೆ ಜನವರಿಗಾಗಿ ಕಾಯಬೇಕಾಗಿಲ್ಲ; 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು, ನಾಲ್ಕೂ ಲೆಕ್ಕಕ್ಕೆ ಬರುತ್ತವೆ. ತೀರಿಕೊಂಡವರ ಹೆಸರನ್ನು ತೆಗೆಸಿರಿ, ಇಲ್ಲವಾದರೆ ಅವರ ಓಟನ್ನು ಬೇರೆ ಯಾರೋ ಹಾಕುತ್ತಾರೆ. ನಿಮ್ಮ ಮತಗಟ್ಟೆಯ ಪಟ್ಟಿಯ ಪ್ರತಿಯೊಂದನ್ನು ತರಿಸಿ ಹೊರಗೆ ಜಗಲಿಯ ಮೇಲೆ ಇರಿಸಿದ್ದೇವೆ. ಓದಲು ಬಾರದವರಿಗೆ ಪಾಠಶಾಲೆಯ ಹುಡುಗರು ಓದಿ ಹೇಳುತ್ತಾರೆ. ಪ್ರಸಾದಕ್ಕೆ ಕೂರುವ ಮೊದಲು ನಿಮ್ಮ ನಿಮ್ಮ ಮನೆಯ ಹೆಸರುಗಳನ್ನು ನೋಡಿಕೊಂಡು ಬನ್ನಿರಿ.